ಮಾಹಿತಿಯ ರಾಶಿಯೂ ಅದರ ಕಾವಲೂ

ಸುಗ್ಗಿಯ ಕಾಲದಲ್ಲಿ ಕಣದಲ್ಲಿ ರಾಶಿ ಬಿದ್ದ ಮೇಲೆ ರೈತನಿಗೆ ನಿದ್ರೆ ಬಾರದೆಂಬುದು ಎಲ್ಲರೂ ಬಲ್ಲ ಸಂಗತಿಯೇ. ಪೈರು ಹೊಲದಲ್ಲಿ ಹರಡಿ ನಿಂತಿರುವಾಗ ಕಳ್ಳನು ಒಂದು ಹೊರೆ ತೆನೆಯನ್ನು ಕೊಯ್ದುಕೊಂಡು ಹೋಗಬಹುದೇ ಹೊರತು ವರ್ಷದ ಅನ್ನವನ್ನೆಲ್ಲ ಒಯ್ಯಲಾರನು. ಅದೇ ಪೈರನ್ನು ಬಡಿದು, ತೂರಿ, ಒಂದೆಡೆ ಕೂಡಿಹಾಕಿದಾಗ ಅಳೆಯುವುದಕ್ಕೂ ಹಂಚುವುದಕ್ಕೂ ಎಷ್ಟು ಅನುಕೂಲವೋ ಹೊತ್ತುಕೊಂಡು ಹೋಗುವುದಕ್ಕೂ ಅಷ್ಟೇ ಅನುಕೂಲವಾಗುತ್ತದೆ. ಆದುದರಿಂದಲೇ ವಾರದ ಪದ್ಧತಿಯಿದ್ದ ಕಾಲದಲ್ಲಿ ಪಾಲು ಅಳೆಯುವವರೆಗೂ ರಾಶಿಯ ಮೇಲೆ ಮುದ್ರೆಯೊತ್ತಿ, ಕಾವಲಿಗೆ ತೋಟಿ ತಳವಾರರನ್ನು ಇಡುವ ವಾಡಿಕೆಯಿದ್ದಿತು.

ಈಗ ನಮ್ಮ ಗ್ರಾಮಗಳಲ್ಲಿ ಇನ್ನೊಂದು ಬಗೆಯ ರಾಶಿಯು ಬೀಳುತ್ತಿದೆ. ಅದು ಕಣ್ಣಿಗೆ ಕಾಣುವಂಥದಲ್ಲ. ಹಿಡುವಳಿದಾರನ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಸಾಲ, ಬ್ಯಾಂಕಿನ ಖಾತೆ, ಮೊಬೈಲಿನ ಸಂಖ್ಯೆ, ಹೆಬ್ಬೆಟ್ಟಿನ ಗುರುತು, ಕಣ್ಣಿನ ಪಾಪೆಯ ಗುರುತು, ಹೊಲದ ಛಾಯಾಚಿತ್ರ, ಆಕಾಶದಿಂದ ಉಪಗ್ರಹವು ತೆಗೆದ ಚಿತ್ರ, ಇವೆಲ್ಲವೂ ಕಂಪ್ಯೂಟರುಗಳಲ್ಲಿ ಬಂದು ಕೂಡುತ್ತಿವೆ. ಇದನ್ನು ಇಂಗ್ಲಿಷ್ ಬಲ್ಲವರು ಬಿಗ್ ಡೇಟಾ ಎನ್ನುತ್ತಾರೆ. ನಾವು ಮಾಹಿತಿಯ ರಾಶಿಯೆಂದರೆ ಸಾಕು. ಇದರ ಪ್ರಮಾಣವು ಮನುಷ್ಯನು ಕುಳಿತು ಓದಲಾಗದಷ್ಟು ದೊಡ್ಡದು. ಇದು ದಿನದಿನವೂ ಕ್ಷಣಕ್ಷಣವೂ ಬೆಳೆಯುತ್ತಿರುತ್ತದೆ. ಅಂಕಿ, ಅಕ್ಷರ, ಚಿತ್ರಗಳೆಂಬ ನಾನಾ ಜಾತಿಯ ಕಾಳುಗಳು ಇದರಲ್ಲಿ ಬೆರೆತಿವೆ. ಈ ರಾಶಿಯಿಂದ ಮೋಸವನ್ನು ಹಿಡಿಯುವುದು ಹೇಗೆ, ಈ ರಾಶಿಯ ಮೂಲಕವೇ ಮೋಸ ನಡೆಯುವುದು ಹೇಗೆ, ಅದಕ್ಕೆ ಗ್ರಾಮದ ಮುಖಂಡರೂ ಜಮೀನುದಾರರೂ ಇಡಬೇಕಾದ ಕಾವಲು ಯಾವುದು ಎಂಬುದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೈಬರಹದ ಲೆಕ್ಕದಿಂದ ಯಂತ್ರದ ಲೆಕ್ಕಕ್ಕೆ

ಹಿಂದೆ ಗ್ರಾಮದ ಮಾಹಿತಿಯೆಲ್ಲ ಶಾನುಭೋಗರ ಕಡತದಲ್ಲಿಯೂ ಅವರ ತಲೆಯಲ್ಲಿಯೂ ಇರುತ್ತಿದ್ದಿತು. ವಂಶಪಾರಂಪರ್ಯವಾಗಿ ಬಂದ ಆ ಹುದ್ದೆಯನ್ನು 1961ರ ಗ್ರಾಮಾಧಿಕಾರಗಳ ರದ್ಧತಿಯ ಕಾಯಿದೆಯು ಕೊನೆಗಾಣಿಸಿದ ಮೇಲೆ ಲೆಕ್ಕವು ಗ್ರಾಮ ಲೆಕ್ಕಿಗರ ಕೈಗೆ ಬಂದಿತು. ಇವರಲ್ಲಿ ಪ್ರಾಮಾಣಿಕರು ಬಹುಮಂದಿ ಇದ್ದರೆಂಬುದನ್ನು ಮರೆಯಲಾಗದು. ಆದರೆ ಕಡತ ಒಂದೇ, ಬರೆಯುವ ಕೈ ಒಂದೇ ಆಗಿದ್ದುದರಿಂದ, ಒಂದು ಹೆಸರನ್ನು ಅಳಿಸಿ ಇನ್ನೊಂದನ್ನು ಬರೆದರೆ ಕೇಳುವವರಿರಲಿಲ್ಲ. ಪಹಣಿಯ ನಕಲಿಗಾಗಿ ರೈತನು ವಾರಗಟ್ಟಲೆ ಅಲೆಯುವುದೂ ಕೈಬೆಚ್ಚಗೆ ಮಾಡುವುದೂ ಸಾಮಾನ್ಯವಾಗಿದ್ದಿತು.

2000ದ ಸುಮಾರಿನಲ್ಲಿ ಕರ್ನಾಟಕ ಸರ್ಕಾರದವರು ಭೂಮಿ ಎಂಬ ಯೋಜನೆಯನ್ನು ಕೈಗೊಂಡು, ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿಯು ಕೈಗೆ ಬರುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಗೊತ್ತಾಯಿತು. ಇದರಲ್ಲಿ ಜನರ ಗಮನಕ್ಕೆ ಹೆಚ್ಚಾಗಿ ಬಾರದ ಒಂದು ಏರ್ಪಾಡು ಇದೆ. ದಾಖಲೆಯನ್ನು ತಿದ್ದಬೇಕಾದ ಅಧಿಕಾರಿಯು ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ಕೊಟ್ಟ ಹೊರತು ಒಂದಕ್ಷರವನ್ನೂ ತಿದ್ದಲಾರನು. ಯಾರು, ಯಾವ ದಿನ, ಯಾವ ಹೊತ್ತಿನಲ್ಲಿ ತಿದ್ದಿದರೆಂಬುದು ಯಂತ್ರದಲ್ಲಿಯೇ ಉಳಿಯುತ್ತದೆ. ಪಹಣಿಯು ಬೇಗ ಸಿಕ್ಕುವುದಕ್ಕಿಂತಲೂ ಈ ಗುರುತು ಉಳಿಯುವುದೇ ಹೆಚ್ಚಿನ ಲಾಭವೆಂದು ನಮ್ಮ ಅಭಿಪ್ರಾಯ.

ತಾಳೆ ನೋಡಿ ಮೋಸ ಹಿಡಿಯುವ ಕ್ರಮ

ಒಂದು ಕಡತವು ಸುಳ್ಳು ಹೇಳಬಹುದು. ಬೇರೆ ಬೇರೆ ಜನರು ಬೇರೆ ಬೇರೆ ಕಾರಣಕ್ಕಾಗಿ ಬರೆದ ನಾಲ್ಕು ಕಡತಗಳು ಒಂದೇ ಸುಳ್ಳನ್ನು ಒಂದೇ ರೀತಿಯಲ್ಲಿ ಹೇಳುವುದು ಕಷ್ಟ. ಮಾಹಿತಿಯ ರಾಶಿಯಿಂದ ಮೋಸವನ್ನು ಹಿಡಿಯುವ ವಿದ್ಯೆಯ ತಿರುಳು ಇಷ್ಟೆ.

ಬೆಳೆ ವಿಮೆಯನ್ನೇ ತೆಗೆದುಕೊಳ್ಳೋಣ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು 2016ರ ಮುಂಗಾರಿನಿಂದ ನಡೆದುಬಂದಿದೆ. ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ಮುಂಗಾರಿನಲ್ಲಿ ವಿಮೆಯ ಮೊತ್ತದ ಶೇಕಡ 2ರಷ್ಟನ್ನೂ ಹಿಂಗಾರಿನಲ್ಲಿ ಶೇಕಡ 1.5ರಷ್ಟನ್ನೂ, ವಾಣಿಜ್ಯ ಮತ್ತು ತೋಟಗಾರಿಕೆಯ ಬೆಳೆಗಳಿಗೆ ಶೇಕಡ 5ರಷ್ಟನ್ನೂ ರೈತನು ಕಟ್ಟುವಂತೆ ಆ ಯೋಜನೆಯಲ್ಲಿ ಗೊತ್ತುಮಾಡಲ್ಪಟ್ಟಿತು. ಮಿಕ್ಕ ಕಂತನ್ನು ಸರ್ಕಾರಗಳು ಭರಿಸತಕ್ಕದ್ದು. ರೈತನು ಕಟ್ಟುವುದು ಕಡಮೆ, ಬರುವ ಪರಿಹಾರ ಹೆಚ್ಚು ಎಂದಾದಲ್ಲಿ ಕೆಲವರಿಗೆ ದುರ್ಬುದ್ಧಿ ಹುಟ್ಟುವುದು ಸೋಜಿಗವಲ್ಲ. ಬಿತ್ತದ ಹೊಲಕ್ಕೆ ವಿಮೆ ಮಾಡಿಸುವುದು, ರಾಗಿ ಬಿತ್ತಿ ಹೆಚ್ಚು ಪರಿಹಾರ ಬರುವ ಬೇರೊಂದು ಬೆಳೆಯ ಹೆಸರನ್ನು ಹೇಳುವುದು, ಪರರ ಜಮೀನಿಗೆ ತಾನೇ ಸಾಗುವಳಿದಾರನೆಂದು ಅರ್ಜಿ ಹಾಕುವುದು, ಇವೇ ಅದರ ಸಾಮಾನ್ಯ ರೂಪಗಳು.

ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ 2023ರಲ್ಲಿ ರೈತನು ಒಂದೇ ಒಂದು ರೂಪಾಯಿ ಕಟ್ಟಿದರೆ ವಿಮೆ ಎಂಬ ಏರ್ಪಾಡು ಬಂದಿತು. ಉದ್ದೇಶ ಒಳ್ಳೆಯದೇ. ಆದರೆ ಅರ್ಜಿ ತುಂಬಿಕೊಡುವ ಕೇಂದ್ರಗಳವರಿಗೆ ಅರ್ಜಿಯೊಂದಕ್ಕೆ 40 ರೂಪಾಯಿನಂತೆ ಪ್ರತಿಫಲವಿದ್ದುದರಿಂದ, ಅರ್ಜಿಗಳ ಸಂಖ್ಯೆ ಹೆಚ್ಚಿದಷ್ಟೂ ಅವರಿಗೆ ಲಾಭವಾಗುವಂತಿದ್ದಿತು. ಕಾಗದಗಳನ್ನು ತಾಳೆ ನೋಡಲಾಗಿ, ಸರ್ಕಾರಿ ಜಮೀನಿಗೂ ದೇವಸ್ಥಾನದ ಜಮೀನಿಗೂ ಸಾಗುವಳಿಯೇ ಇಲ್ಲದ ಭೂಮಿಗೂ ವಿಮೆಯಾಗಿದ್ದುದು ಬೆಳಕಿಗೆ ಬಂದಿತು. 2025ರಲ್ಲಿ ಆ ಒಂದು ರೂಪಾಯಿಯ ಏರ್ಪಾಡನ್ನೇ ನಿಲ್ಲಿಸಲಾಯಿತು. ಕೆಲವರ ಮೋಸಕ್ಕಾಗಿ ಎಲ್ಲ ರೈತರೂ ಹೆಚ್ಚಿನ ಕಂತನ್ನು ಕಟ್ಟಬೇಕಾಯಿತೆಂಬುದನ್ನು ಗಮನಿಸತಕ್ಕದ್ದು.

ನಮ್ಮಲ್ಲಿ ಈ ತಾಳೆಯ ಕೆಲಸಕ್ಕೆ ಬೆಳೆ ಸಮೀಕ್ಷೆಯೇ ಆಧಾರ. ಪ್ರತಿ ಹಂಗಾಮಿನಲ್ಲಿಯೂ ತಾಕಿನ ಬಳಿಗೆ ಹೋಗಿ, ಮೊಬೈಲಿನ ಆ್ಯಪಿನಲ್ಲಿ ಬೆಳೆಯ ಹೆಸರನ್ನು ನಮೂದಿಸಿ ಚಿತ್ರ ತೆಗೆಯುವುದು ಕ್ರಮ. 2020ರ ಮುಂಗಾರಿನಿಂದ ರೈತರೇ ಸ್ವತಃ ಇದನ್ನು ಮಾಡುವ ಅವಕಾಶವೂ ಒದಗಿತು. ಚಿತ್ರದ ಜೊತೆಯಲ್ಲಿ ಅದನ್ನು ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ಸೇರಿಬರುತ್ತವೆ. ವಿಮೆಯ ಅರ್ಜಿಯಲ್ಲಿ ಒಂದು ಬೆಳೆಯೂ ಸಮೀಕ್ಷೆಯಲ್ಲಿ ಇನ್ನೊಂದು ಬೆಳೆಯೂ ಇದ್ದರೆ ಯಂತ್ರವು ಅದನ್ನು ಬೇರೆಯಾಗಿ ಎತ್ತಿಡುತ್ತದೆ. ಇದಲ್ಲದೆ ಒಂದೇ ಮೊಬೈಲ್ ಸಂಖ್ಯೆಯಿಂದ ಹಲವು ಗ್ರಾಮಗಳ ಅರ್ಜಿಗಳು ಬಂದರೆ, ಸಂಬಂಧವಿಲ್ಲದ ಹತ್ತು ಹೆಸರುಗಳ ಹಣ ಒಂದೇ ಖಾತೆಗೆ ಹೋಗುವಂತಿದ್ದರೆ, ಒಂದು ಗ್ರಾಮದಲ್ಲಿ ವಿಮೆಯಾದ ಭೂಮಿಯು ಬಿತ್ತನೆಯಾದ ಭೂಮಿಗಿಂತ ಹೆಚ್ಚಾಗಿದ್ದರೆ, ಅವೆಲ್ಲವೂ ಕಣ್ಣಿಗೆ ಬೀಳುತ್ತವೆ. ನೂರು ಮಂದಿ ಗುಮಾಸ್ತರು ವರ್ಷವಿಡೀ ಕುಳಿತರೂ ಕಾಣದ ಇಂಥ ಸಂಬಂಧಗಳನ್ನು ಯಂತ್ರವು ಸ್ವಲ್ಪ ಹೊತ್ತಿನಲ್ಲಿಯೇ ಕಾಣಬಲ್ಲುದು.

ತಾಳೆಯಾಗದವರೆಲ್ಲ ಮೋಸಗಾರರಲ್ಲ

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾದೀತು. ಯಂತ್ರವು ಹೇಳುವುದು ಎರಡು ಕಡತಗಳು ಹೊಂದುವುದಿಲ್ಲವೆಂದು ಮಾತ್ರ. ಯಾರು ಸುಳ್ಳು ಹೇಳಿದರೆಂದು ಅದು ಅರಿಯದು. ನಮ್ಮ ಗ್ರಾಮಗಳ ಸ್ಥಿತಿಯನ್ನು ಬಲ್ಲವರಿಗೆ, ಸುಳ್ಳೇ ಇಲ್ಲದೆಯೂ ಕಡತಗಳು ಹೊಂದದಿರುವುದಕ್ಕೆ ಎಷ್ಟೋ ಕಾರಣಗಳುಂಟೆಂದು ಗೊತ್ತು.

ಮೊದಲನೆಯದು ಪೌತಿ ಖಾತೆ. ತಾತನು ಕಾಲವಾಗಿ ಮೂವತ್ತು ವರ್ಷಗಳಾಗಿದ್ದರೂ ಪಹಣಿಯಲ್ಲಿ ಅವನ ಹೆಸರೇ ಇರುತ್ತದೆ; ಮೊಮ್ಮಕ್ಕಳು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿರುತ್ತಾರೆ. ಯಂತ್ರವು ಆ ತಾತನನ್ನು ಹುಡುಕುತ್ತದೆ. ಎರಡನೆಯದು ಹೆಸರಿನ ಕಾಗುಣಿತ. ಪಹಣಿಯಲ್ಲಿ ಕೆಂಪಯ್ಯ, ಆಧಾರ್ ಚೀಟಿಯಲ್ಲಿ ಕೆಂಪೇಗೌಡ, ಬ್ಯಾಂಕಿನ ಪುಸ್ತಕದಲ್ಲಿ ಇಂಗ್ಲಿಷಿನ ಮೂರನೆಯ ರೂಪ. ಊರಿಗೆಲ್ಲ ಒಬ್ಬನೇ ಆದವನು ಯಂತ್ರಕ್ಕೆ ಮೂವರಾಗಿ ಕಾಣುತ್ತಾನೆ. ಮೂರನೆಯದು ಗುತ್ತಿಗೆ. 1974ರಲ್ಲಿ ಜಾರಿಗೆ ಬಂದ ಭೂ ಸುಧಾರಣೆಯ ತಿದ್ದುಪಡಿಯ ಮೇಲೆ ಕೃಷಿಭೂಮಿಯನ್ನು ಗೇಣಿಗೆ ಕೊಡುವುದು ಕೆಲವು ವಿನಾಯಿತಿಗಳ ಹೊರತು ನಿಷಿದ್ಧವಾದುದರಿಂದ, ನಡೆಯುತ್ತಿರುವ ಗುತ್ತಿಗೆಗಳೆಲ್ಲ ಮಾತಿನ ಮೇಲೆಯೇ ನಿಂತಿವೆ. ಬಿತ್ತಿದವನು ಒಬ್ಬ, ಕಾಗದದಲ್ಲಿರುವವನು ಇನ್ನೊಬ್ಬ. ಬೆಳೆ ಹೋದಾಗ ನಷ್ಟವು ಬಿತ್ತಿದವನಿಗೆ, ಪರಿಹಾರವು ಕಾಗದದವನಿಗೆ. ಈ ವಿಷಯದಲ್ಲಿ ಜಮೀನುದಾರರಾದ ವಾಚಕರು ತಮ್ಮ ಮನಸ್ಸಾಕ್ಷಿಯನ್ನೇ ಕೇಳಿಕೊಳ್ಳಬೇಕಲ್ಲದೆ ಯಂತ್ರದಿಂದ ನ್ಯಾಯವನ್ನು ನಿರೀಕ್ಷಿಸುವಂತಿಲ್ಲ.

ಇನ್ನು ಅಕ್ಕಡಿ ಬೆಳೆಯ ಮಾತು. ರಾಗಿಯ ಹೊಲದಲ್ಲಿ ಸಾಲು ಬಿಟ್ಟು ಅವರೆ, ತೊಗರಿ, ಸಾಸಿವೆಗಳನ್ನು ಹಾಕುವುದು ನಮ್ಮ ಹಿರಿಯರ ವಿವೇಕ. ಆದರೆ ಅವಸರದಲ್ಲಿ ಸಮೀಕ್ಷೆ ಮಾಡುವವನು ಬದುವಿನ ಮೇಲೆ ನಿಂತು ಅವರೆಯ ಸಾಲಿನ ಚಿತ್ರವನ್ನು ತೆಗೆದು ಹೋದರೆ ಹೊಲವೆಲ್ಲ ಅವರೆಯೆಂದೇ ದಾಖಲಾಗಿ, ರಾಗಿಗೆ ಮಾಡಿಸಿದ ವಿಮೆಯು ಸಂಶಯಕ್ಕೆ ಒಳಗಾಗುತ್ತದೆ. ಇಂಥ ಕಡೆ ಹೊಲದವನು ಅಲ್ಲಿ ನಿಂತಿದ್ದು, ಮಿಶ್ರ ಬೆಳೆಯೆಂದು ವಿಸ್ತೀರ್ಣ ಸಹಿತ ನಮೂದಾಗುವಂತೆ ನೋಡಿಕೊಳ್ಳತಕ್ಕದ್ದು.

2023ರ ಬರಗಾಲದಲ್ಲಿ ಇದರ ಬೆಲೆಯು ಎಲ್ಲರಿಗೂ ತಿಳಿಯಿತು. ಆಗ ಪರಿಹಾರದ ಹಣವನ್ನು ಫ್ರೂಟ್ಸ್ ಎಂಬ ರೈತರ ನೋಂದಣಿಯ ಆಧಾರದ ಮೇಲೆ ನೇರವಾಗಿ ಬ್ಯಾಂಕಿನ ಖಾತೆಗಳಿಗೆ ಜಮೆ ಮಾಡಲಾಯಿತು. ಮಧ್ಯವರ್ತಿಗಳ ಕೈಗೆ ಕಾಸೂ ಸಿಕ್ಕದಂತಾದುದು ದೊಡ್ಡ ಗುಣ. ಆದರೆ ತಮ್ಮ ಸರ್ವೆ ನಂಬರುಗಳನ್ನೆಲ್ಲ ಆ ನೋಂದಣಿಯಲ್ಲಿ ಸೇರಿಸದೆ ಬಿಟ್ಟವರಿಗೆ, ಸೇರಿಸಿದಷ್ಟು ಭೂಮಿಗೆ ಮಾತ್ರವೇ ಲೆಕ್ಕವಾಯಿತು.

ರಾಶಿಗೆ ಕನ್ನ

ಮೋಸವನ್ನು ಹಿಡಿಯುವುದಕ್ಕೆ ಕೂಡಿಹಾಕಿದ ರಾಶಿಯೇ ಮೋಸಗಾರನಿಗೆ ಸಾಧನವಾದ ಎರಡು ಪ್ರಸಂಗಗಳನ್ನು ಇಲ್ಲಿ ವಿವರಿಸುತ್ತೇವೆ.

2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ 6000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡುವುದೆಂದು ಗೊತ್ತುಪಡಿಸಲಾಯಿತು. 2020ರಲ್ಲಿ ತಮಿಳುನಾಡಿನ ಹಲವು ಜಿಲ್ಲೆಗಳಲ್ಲಿ ರೈತರಲ್ಲದ ಲಕ್ಷಾಂತರ ಮಂದಿಯ ಹೆಸರುಗಳು ಪಟ್ಟಿಗೆ ಸೇರಿ, ಸುಮಾರು 110 ಕೋಟಿ ರೂಪಾಯಿಗಳು ಅನರ್ಹರ ಖಾತೆಗಳಿಗೆ ಹೋಗಿದ್ದುದು ಹೊರಬಿದ್ದಿತು. ಕಂಪ್ಯೂಟರಿನ ಗೋಡೆಯನ್ನು ಯಾರೂ ಒಡೆದಿರಲಿಲ್ಲ. ಪಟ್ಟಿಗೆ ಒಪ್ಪಿಗೆ ಕೊಡುವ ಅಧಿಕಾರಿಗಳ ಪಾಸ್‌ವರ್ಡುಗಳು ಹೊರಗಿನವರ ಕೈಸೇರಿ, ದಲ್ಲಾಳಿಗಳು ಅವುಗಳಿಂದಲೇ ಬಾಗಿಲನ್ನು ತೆರೆದಿದ್ದರು. ಉಗ್ರಾಣಕ್ಕೆ ಎಂಥ ಬೀಗವನ್ನು ಹಾಕಿದರೇನು, ಬೀಗದ ಕೈಯನ್ನು ಬಾಗಿಲ ಮೊಳೆಗೇ ತೂಗುಹಾಕಿದ್ದರೆ? ಕೊನೆಗೆ ಆ ಅನರ್ಹರನ್ನು ಹುಡುಕಿದ್ದೂ ದಾಖಲೆಗಳನ್ನು ತಾಳೆ ನೋಡಿಯೇ ಎಂಬುದನ್ನು ಹೇಳಬೇಕು.

ಎರಡನೆಯ ಪ್ರಸಂಗವು ನಮ್ಮ ರಾಜ್ಯದ್ದೇ. ಜಮೀನುದಾರರಾದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆಧಾರ್ ಆಧಾರಿತ ಪಾವತಿಯೆಂಬ ಕ್ರಮದಲ್ಲಿ, ಬ್ಯಾಂಕಿಲ್ಲದ ಹಳ್ಳಿಯಲ್ಲಿಯೂ ಬ್ಯಾಂಕಿನ ಪ್ರತಿನಿಧಿಯ ಸಣ್ಣ ಯಂತ್ರದ ಮೇಲೆ ಬೆರಳಿಟ್ಟು ಹಣವನ್ನು ಪಡೆಯಬಹುದು. ವೃದ್ಧರಿಗೂ ಓದು ಬಾರದವರಿಗೂ ಇದು ಮಹದುಪಕಾರಿ. ಇದಕ್ಕೆ ಬೇಕಾದುವು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಿನ ಗುರುತು. ಮೊಬೈಲಿಗೆ ಬರುವ ಓಟಿಪಿಯ ಅಂಕಿ ಬೇಡ. ಇತ್ತ ಜಮೀನಿನ ಕ್ರಯಪತ್ರವು ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಣಿಯಾಗುವಾಗ ಕೊಟ್ಟವರದೂ ಕೊಂಡವರದೂ ಹೆಬ್ಬೆಟ್ಟಿನ ಗುರುತನ್ನು ಅದರಲ್ಲಿ ಒತ್ತಿಸುತ್ತಾರೆ. ಅನೇಕ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಬರೆದಿರುತ್ತದೆ. ಇಂಥ ಪತ್ರಗಳ ಪ್ರತಿಗಳು ಅಂತರಜಾಲದ ಮೂಲಕ ದೊರೆಯುವಂತಾದಾಗ, ದುಷ್ಟರು ಪ್ರತಿಗಳನ್ನು ತೆಗೆದುಕೊಂಡು, ಹೆಬ್ಬೆಟ್ಟಿನ ಗೆರೆಗಳನ್ನು ರಬ್ಬರಿನಂಥ ಮೆತ್ತನೆಯ ಪದಾರ್ಥದ ಮೇಲೆ ಅಚ್ಚು ಮಾಡಿ, ಆ ಹುಸಿ ಬೆರಳನ್ನು ಪಾವತಿಯ ಯಂತ್ರದ ಮೇಲಿಟ್ಟು ಹಣವನ್ನು ಸೆಳೆಯತೊಡಗಿದರು. 2023ರಲ್ಲಿ ಕರ್ನಾಟಕದಲ್ಲಿ ಇಂಥ ದೂರುಗಳು ಪೊಲೀಸರಿಗೆ ಬಂದು, ಆರೋಪಿಗಳ ಬಂಧನವೂ ಆಯಿತು. ಅನಂತರ ಅಂತರಜಾಲದಲ್ಲಿ ದೊರೆಯುವ ನೋಂದಣಿ ಪತ್ರಗಳ ಪ್ರತಿಗಳಲ್ಲಿ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಮರೆಮಾಡುವ ಕ್ರಮವನ್ನು ಕೈಗೊಳ್ಳಲಾಯಿತು. ತೆಲಂಗಾಣದಲ್ಲಿ 2018ರಲ್ಲಿಯೇ ಭೂಮಿಯ ಪತ್ರಗಳಿಂದ ಬೆರಳಚ್ಚನ್ನು ಕದ್ದು ಮೊಬೈಲಿನ ಸಿಮ್ ಕಾರ್ಡುಗಳನ್ನು ಚಾಲೂ ಮಾಡಿಸಿದ ಪ್ರಕರಣವೊಂದು ಬಯಲಾಗಿದ್ದಿತು.

ಇದರ ಮರ್ಮವನ್ನು ಸ್ವಲ್ಪ ಆಲೋಚಿಸಿರಿ. ಹೆಬ್ಬೆಟ್ಟನ್ನು ಪತ್ರಕ್ಕೆ ಒತ್ತಿಸುವ ಪದ್ಧತಿಯು ಬಹು ಹಿಂದಿನದು. ಒಬ್ಬನ ಹೆಸರಿನಲ್ಲಿ ಇನ್ನೊಬ್ಬನು ಬಂದು ಜಮೀನು ಮಾರುವ ಮೋಸವನ್ನು ತಡೆಯುವುದಕ್ಕಾಗಿ ಅದು ಬಂದಿತು. ಅಂದು ಹೆಬ್ಬೆಟ್ಟು ಬರಿಯ ಸಾಕ್ಷಿ. ಇಂದು ಅದೇ ಹೆಬ್ಬೆಟ್ಟು ಹಣದ ಪೆಟ್ಟಿಗೆಯ ಬೀಗದ ಕೈಯೂ ಆಗಿದೆ. ಸಾಕ್ಷಿಯನ್ನು ನಾಲ್ವರಿಗೆ ತೋರಿಸಬೇಕು, ಬೀಗದ ಕೈಯನ್ನು ಬಚ್ಚಿಡಬೇಕು. ಎರಡನ್ನೂ ಒಂದೇ ಬೆರಳಿನಿಂದ ಮಾಡಿಸಹೋದುದೇ ಅನರ್ಥಕ್ಕೆ ಕಾರಣ. ಮೇಲಾಗಿ, ಪಾಸ್‌ವರ್ಡು ಕಳುವಾದರೆ ಬೇರೆಯದನ್ನು ಇಟ್ಟುಕೊಳ್ಳಬಹುದು, ಬೆರಳು ಕಳುವಾದರೆ ಬೇರೆ ಬೆರಳನ್ನು ಬೆಳೆಸಿಕೊಳ್ಳುವಂತಿಲ್ಲ.

ಯಾವುದು ಬೆಳಕಿನಲ್ಲಿರಬೇಕು, ಯಾವುದು ಮರೆಯಲ್ಲಿ

ಪಹಣಿಯನ್ನು ಯಾರು ಬೇಕಾದರೂ ನೋಡಬಹುದಾಗಿರುವುದರ ವಿಷಯದಲ್ಲಿ ಜಮೀನುದಾರರು ಅಸಮಾಧಾನ ಪಡುವುದನ್ನು ನಾವು ಕೇಳಿದ್ದೇವೆ. ಹಕ್ಕು ಮತ್ತು ಋಣಗಳ ಕಲಮಿನಲ್ಲಿ ಬ್ಯಾಂಕಿನ ಸಾಲವೂ ಕಾಣುವುದರಿಂದ, ಹೆಣ್ಣು ಕೇಳಲು ಬಂದವರು ಮೊದಲು ಪಹಣಿಯನ್ನು ತೆಗೆಸಿ ನೋಡುತ್ತಾರೆಂದು ಒಬ್ಬ ಹಿರಿಯರು ನಮ್ಮೊಡನೆ ನಗುತ್ತಲೇ ಹೇಳಿಕೊಂಡರು. ಜಮೀನಿನ ದಲ್ಲಾಳಿಯೂ ಸಾಲದಲ್ಲಿ ಮುಳುಗಿದವನಾರೆಂದು ಅದರಿಂದಲೇ ಹುಡುಕುವುದುಂಟು. ಹೀಗಿದ್ದರೂ ಭೂಮಿಯ ಒಡೆತನವು ಬೆಳಕಿನಲ್ಲಿರಬೇಕೆಂದೇ ನಮ್ಮ ಮತ. ಒಂದೇ ಜಮೀನನ್ನು ಇಬ್ಬರಿಗೆ ಮಾರುವವನಿಗೂ ಒತ್ತೆಯಿಟ್ಟುದನ್ನು ಮರೆಸಿ ಮಾರುವವನಿಗೂ ಕತ್ತಲೆಯೇ ಬಲ. ಆದರೆ ಒಡೆತನವನ್ನು ತೋರಿಸುವುದಕ್ಕೆ ಒಡೆಯನ ಬೆರಳಿನ ಗೆರೆಯಾಗಲಿ, ಆಧಾರ್ ಸಂಖ್ಯೆಯಾಗಲಿ, ಬ್ಯಾಂಕಿನ ಖಾತೆಯಾಗಲಿ, ಮೊಬೈಲ್ ಸಂಖ್ಯೆಯಾಗಲಿ ಬೇಕಿಲ್ಲ. ಇವನ್ನು ಕಾಯಬೇಕಾದ ಹೊಣೆಯಲ್ಲಿ ಸರ್ಕಾರದ ಕಡೆಯಿಂದಲೂ ಲೋಪವಾಗಿದೆಯೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪಿ.ಎಂ. ಕಿಸಾನಿನ ಜಾಲತಾಣದ ಒಂದು ಭಾಗದಲ್ಲಿ ರೈತರ ಆಧಾರ್ ಸಂಖ್ಯೆಗಳು ಹೊರಗಿನವರಿಗೆ ಕಾಣುವಂತಿದ್ದುದನ್ನು 2022ರಲ್ಲಿ ಒಬ್ಬ ಸಂಶೋಧಕರು ತೋರಿಸಿಕೊಟ್ಟ ಮೇಲೆ ಅದು ಸರಿಪಡಿಸಲ್ಪಟ್ಟಿತು.

ಹೆಸರನ್ನು ತೆಗೆದುಹಾಕಿ ಮಾಹಿತಿಯನ್ನು ಪ್ರಕಟಿಸಿದರೆ ಯಾರಿಗೂ ಬಾಧಕವಿಲ್ಲವೆಂದು ಕೆಲವರು ಹೇಳುವರು. ಪಟ್ಟಣದ ವಿಷಯದಲ್ಲಿ ಅದು ಅಷ್ಟಿಷ್ಟು ನಿಜವಾದೀತು. ಗ್ರಾಮದಲ್ಲಿ ಹಾಗಲ್ಲ. ಇನ್ನೂರು ಮನೆಗಳ ಹಳ್ಳಿಯಲ್ಲಿ ಹಿಪ್ಪುನೇರಳೆಯ ತೋಟವಿರುವವನು ಒಬ್ಬನೇ ಆಗಿದ್ದಾಗ, ಆ ಹಳ್ಳಿಯ ರೇಷ್ಮೆ ಬೆಳೆಗಾರನೊಬ್ಬನಿಗೆ ಇಷ್ಟು ಸಾಲವಿದೆಯೆಂದು ಬರೆದರೆ ಹೆಸರನ್ನು ಬರೆದಂತೆಯೇ ಆಯಿತಲ್ಲವೆ?

ಈ ಖಾಸಗಿತನದ ಹಕ್ಕನ್ನು ದೇಶಕ್ಕೆ ಸ್ಪಷ್ಟಪಡಿಸಿದ ಮೊಕದ್ದಮೆಯು ನಮ್ಮವರೊಬ್ಬರ ಹೆಸರಿನಲ್ಲಿಯೇ ಇರುವುದು ವಾಚಕರಿಗೆ ಸಂತೋಷವನ್ನುಂಟುಮಾಡಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಕ್ರಮವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ನೆಯ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಸರ್ಕಾರವು ಈ ಹಕ್ಕಿನೊಳಗೆ ಕೈಹಾಕಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ಉದ್ದೇಶವು ನ್ಯಾಯವಾಗಿರಬೇಕು, ಕೈಹಾಕುವ ಪ್ರಮಾಣವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಬೇಸಾಯಗಾರರಿಗೆ ಈ ಕಡೆಯ ಮಾತು ಸುಲಭವಾಗಿ ಅರ್ಥವಾಗತಕ್ಕದ್ದು. ಮಡಿಗೆ ನೀರು ಬೇಕೆಂದು ಕೆರೆಯ ಏರಿಯನ್ನೇ ಕಡಿಯುವಂತಿಲ್ಲ. ಬಳಿಕ 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾಯಿದೆಯು ಆಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯವಾದ ಬಾಧ್ಯತೆಗಳು 18 ತಿಂಗಳ ತರುವಾಯ ಜಾರಿಗೆ ಬರತಕ್ಕವಾಗಿ ಗೊತ್ತುಪಡಿಸಲ್ಪಟ್ಟಿವೆ. ಮಾಹಿತಿಯನ್ನು ಸರಿಯಾಗಿ ಕಾಯದೆ ಸೋರಲು ಬಿಟ್ಟ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೂ ದಂಡ ವಿಧಿಸುವ ಅವಕಾಶವು ಈ ಕಾಯಿದೆಯಲ್ಲಿದೆ. ತನ್ನ ವಿಷಯದಲ್ಲಿ ಬರೆದಿರುವುದನ್ನು ತಿಳಿಯುವ ಮತ್ತು ತಪ್ಪಿದ್ದರೆ ತಿದ್ದಿಸುವ ಹಕ್ಕನ್ನೂ ಅದು ವ್ಯಕ್ತಿಗೆ ಕೊಡುತ್ತದೆ.

ಗ್ರಾಮದಲ್ಲಿ ಇಡಬೇಕಾದ ಕಾವಲು

ದೊಡ್ಡ ಕಂಪ್ಯೂಟರುಗಳನ್ನು ಕಾಯುವ ಕೆಲಸವು ಸರ್ಕಾರದ್ದು. ಆದರೆ ಸೋರಿಕೆಯು ಅನೇಕ ವೇಳೆ ಸಣ್ಣ ತೂತಿನಿಂದಲೇ ಆಗುವುದು. ನಾವು ಒಂದು ಹೋಬಳಿಯ ಸಂತೆಯಲ್ಲಿ ಹುರಿಗಡಲೆಯನ್ನು ಕೊಂಡಾಗ ಅಂಗಡಿಯವನು ಕಟ್ಟಿಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡಲಾಗಿ, ಅದು ಯಾರೋ ರೈತರ ಆಧಾರ್ ಚೀಟಿಯ ಜೆರಾಕ್ಸ್ ಪ್ರತಿಯಾಗಿದ್ದಿತು. ಹಿಂಬದಿಯಲ್ಲಿ ಬ್ಯಾಂಕಿನ ಪುಸ್ತಕದ ಮೊದಲ ಪುಟವೂ ಇದ್ದಿತು. ಸೌಲಭ್ಯದ ಅರ್ಜಿಗೆಂದು ಕೊಟ್ಟ ಕಾಗದವು ರದ್ದಿಯಾಗಿ ಅಲ್ಲಿಗೆ ಬಂದಿರಬೇಕು. ಇದನ್ನು ಹಿಡಿಯುವ ಯಂತ್ರ ಯಾವುದೂ ಇಲ್ಲ.

ಆದುದರಿಂದ ಗ್ರಾಮದ ಮುಖಂಡರು ಮೊದಲು ತಮ್ಮೂರಿನ ಸಂಘ, ಡೈರಿ, ಸೊಸೈಟಿಗಳಲ್ಲಿ ಶೇಖರವಾಗಿರುವ ಇಂಥ ಪ್ರತಿಗಳು ಎಲ್ಲಿವೆ, ಯಾರ ಕೈಯಲ್ಲಿವೆ ಎಂದು ವಿಚಾರಿಸತಕ್ಕದ್ದು. ಬೇಡವಾದುವನ್ನು ಸುಡಿಸುವುದು ಲೇಸು. ಆಧಾರಿನ ಪ್ರತಿಯನ್ನು ಕೊಡಲೇಬೇಕಾದಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯೂ ದೊರೆಯುತ್ತದೆ. ಅದನ್ನು ಒಪ್ಪುವ ಕಡೆಯೆಲ್ಲ ಅದನ್ನೇ ಕೊಡಬೇಕು, ಮತ್ತು ಪ್ರತಿಯ ಮೇಲೆ ಯಾವ ಕೆಲಸಕ್ಕಾಗಿ ಯಾವ ದಿನ ಕೊಟ್ಟಿತೆಂದು ಅಡ್ಡವಾಗಿ ಬರೆದು ರುಜು ಹಾಕಬೇಕು. ಬೆರಳನ್ನು ಯಂತ್ರದ ಮೇಲಿಡುವುದಕ್ಕೆ ಮೊದಲು ಯಾತಕ್ಕಾಗಿ ಎಂದು ಕೇಳುವುದರಲ್ಲಿ ನಾಚಿಕೆ ಬೇಡ. ಹಣ ಬರಲಿಲ್ಲ, ಇನ್ನೊಮ್ಮೆ ಇಡಿ ಎಂದು ಹೇಳಿದಾಗ ರಸೀತಿಯನ್ನು ಕೇಳಿ ಪಡೆಯತಕ್ಕದ್ದು. ಮನೆಯ ಹುಡುಗರು ವೃದ್ಧರ ಮೊಬೈಲಿಗೆ ಬರುವ ಬ್ಯಾಂಕಿನ ಸಂದೇಶಗಳನ್ನು ದಿನಕ್ಕೊಂದು ಸಲ ಓದಿ ಹೇಳಿದರೂ ಎಷ್ಟೋ ಉಪಕಾರವಾದೀತು.

ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಡುವ ಸೌಕರ್ಯವು ಪ್ರಾಧಿಕಾರದ ಜಾಲತಾಣದಲ್ಲಿಯೂ ಅದರ ಮೊಬೈಲ್ ಆ್ಯಪಿನಲ್ಲಿಯೂ ಉಂಟು. ಬೀಗ ಹಾಕಿದ ಮೇಲೆ ಹುಸಿ ಬೆರಳಾಗಲಿ ನಿಜವಾದ ಬೆರಳಾಗಲಿ ನಡೆಯದು. ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು. ಇದಕ್ಕೆ ಆಧಾರಿನೊಡನೆ ನೋಂದಾಯಿಸಿದ ಮೊಬೈಲ್ ಸಂಖ್ಯೆಯು ಚಾಲ್ತಿಯಲ್ಲಿರಬೇಕು. ಆದರೆ ನ್ಯಾಯಬೆಲೆಯ ಅಂಗಡಿಯಲ್ಲಿ ಬೆರಳಿಟ್ಟು ಪಡಿ ತರುವವರು ಪ್ರತಿ ತಿಂಗಳೂ ಬೀಗವನ್ನು ತೆರೆಯಬೇಕಾಗುವುದರಿಂದ, ಮನೆಯವರೆಲ್ಲರೂ ಕಣ್ಣು ಮುಚ್ಚಿಕೊಂಡು ಬೀಗ ಹಾಕಿ ಆಮೇಲೆ ಅಂಗಡಿಯ ಮುಂದೆ ಪೇಚಾಡುವುದು ತರವಲ್ಲ. ಇತ್ತೀಚಿನ ವರ್ಷಗಳಲ್ಲಿ ಜಮೀನಿನ ಪತ್ರ ನೋಂದಣಿ ಮಾಡಿಸಿ ಬೆರಳೊತ್ತಿದವರು ಮೊದಲು ಬೀಗ ಹಾಕಿಕೊಳ್ಳಲಿ. ಪಡಿಯನ್ನು ಮನೆಯ ಇನ್ನೊಬ್ಬ ಸದಸ್ಯರು ತರಬಹುದು.

ಹಣ ಹೋದುದು ತಿಳಿದ ಕೂಡಲೆ 1930 ಎಂಬ ಸಂಖ್ಯೆಗೆ ಫೋನು ಮಾಡಿ, ಬ್ಯಾಂಕಿಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿಯನ್ನು ಪಡೆಯತಕ್ಕದ್ದು. ನಾಳೆ ಸಂತೆಗೆ ಹೋದಾಗ ಹೇಳಿದರಾಯಿತೆಂದು ತಡಮಾಡಿದರೆ ಹಣವು ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ. ಬ್ಯಾಂಕಿನದೂ ಗಿರಾಕಿಯದೂ ತಪ್ಪಿಲ್ಲದೆ ಹೊರಗಿನವರ ಮೋಸದಿಂದ ಹಣ ಹೋಗಿದ್ದು, ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂರು ಕೆಲಸದ ದಿನಗಳೊಳಗೆ ಅವನು ದೂರಿತ್ತರೆ ನಷ್ಟವು ಅವನ ಮೇಲೆ ಬೀಳಕೂಡದೆಂದೂ, ತಡವಾದಷ್ಟೂ ಅವನ ಪಾಲು ಹೆಚ್ಚಬಹುದೆಂದೂ ರಿಸರ್ವ್ ಬ್ಯಾಂಕಿನವರು 2017ನೆಯ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿದರು.

ತಮ್ಮ ತಾಕಿನ ವಿಷಯದಲ್ಲಿ ಬೆಳೆ ಸಮೀಕ್ಷೆಯಲ್ಲಿ ಏನು ಬರೆದಿದೆಯೆಂಬುದನ್ನು ರೈತರು ಬೆಳೆ ದರ್ಶಕ್ ಎಂಬ ಆ್ಯಪಿನಲ್ಲಿ ನೋಡಬಹುದು. ತಪ್ಪಿದ್ದರೆ ಗಡುವಿನೊಳಗಾಗಿ ಅದರಲ್ಲಿಯೇ ಆಕ್ಷೇಪಣೆಯನ್ನು ಸಲ್ಲಿಸಬಹುದು. ಮೊಬೈಲಿನ ಬಳಕೆ ತಿಳಿಯದವರು ಪಹಣಿ ಮತ್ತು ಫ್ರೂಟ್ಸಿನ ಸಂಖ್ಯೆಯೊಡನೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸತಕ್ಕದ್ದು. ಪೌತಿ ಖಾತೆಯಿರುವವರು ಮರಣದ ದೃಢಪತ್ರವನ್ನೂ ವಂಶವೃಕ್ಷವನ್ನೂ ಸಿದ್ಧಮಾಡಿಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡುವುದು. ಈ ಕೆಲಸವನ್ನು ಬಿತ್ತನೆಗೆ ಮೊದಲು, ಬೇಸಗೆಯ ಬಿಡುವಿನಲ್ಲಿಯೇ ಮುಗಿಸಿಕೊಳ್ಳುವುದು ಅನುಕೂಲ.